ತಾಂತೆ ಲೂಸಿಯ ‘ಇಕೆ’

ನೆಲ್ಸನ್: ಹಿತ್ತಲಲ್ಲಿ ಬಂದಿ

ನ್ಯೂಜಿಲೆಂಡಿನ ಬಾಗಿಲುಗಳಿಗೆ ಮನುಷ್ಯರ ಮೇಲೆ ನಂಬಿಕೆ ಇಲ್ಲ. ನಾವು ಹೊರಗೆ ಕಾಲಿಟ್ಟ ಕೂಡಲೇ ತಮ್ಮಷ್ಟಕ್ಕೆ ತಾವೇ ಕೀಲಿ ಹಾಕಿಕೊಂಡುಬಿಡುತ್ತವೆ. ಇದನ್ನು ನನ್ನ ತಮ್ಮನ ಮಗಳು ದೀಪಾ ನಾನು ಬಂದಿಳಿದಾಗಲೇ ಹೇಳಿದ್ದಳು, ಮಲಗುವ ಮುಂಚೆ ಹೇಳಿದ್ದಳು, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮತ್ತೊಮ್ಮೆ ಹೇಳಿದ್ದಳು. ಆದರೆ ನಾನು ಧಾರವಾಡದಲ್ಲಿ ರೇಡಿಯೋ ಉದ್ಘೋಷಕಿಯಾಗಿ ಇಡೀ ಊರಿಗೆ ಹೇಳಿ ಹೇಳಿ ನಿವೃತ್ತಳಾದವಳು. ಬೇರೆಯವರು ಮಾತಾಡಿದರೆ ಉಚ್ಚಾರ ಕೇಳುತ್ತೇನೆಯೇ ಹೊರತು ಉಪದೇಶ ಕೇಳುವುದಿಲ್ಲ.

ಆಕ್ಲೆಂಡಿನ ಬಾಟನಿ ಡೌನ್ಸ್‌ನಲ್ಲಿ ಪರಿಚಯದವರ ಮನೆಯಲ್ಲಿದ್ದು, ಅಲ್ಲಿನ ಮಾಲನ್ನು ಕಾಲು ಸೋಲುವಷ್ಟು ಸುತ್ತಿ, ಕೊನೆಗೆ ಪುಟ್ಟ ವಿಮಾನದಲ್ಲಿ ನೆಲ್ಸನ್ ಸೇರಿದ್ದೆ. ನಮ್ಮ ಶ್ರಾವಣದ ಹೊತ್ತಿಗೆ ಅಲ್ಲಿ ಗಡಗಡ ಚಳಿ. ಸೇಬಿನ ತೋಟಗಳು ಎಲೆಯೆಲ್ಲ ಉದುರಿಸಿ ಕಡ್ಡಿ ಕಡ್ಡಿಯಾಗಿ ನಿಂತಿದ್ದವು. ಬಿಸಿಲಿಗೆ ಮಾತ್ರ ಕೊರತೆ ಇರಲಿಲ್ಲ. ಆ ಬಿಸಿಲು ನೋಡಿಯೇ ನಾನು ಮೋಸ ಹೋದದ್ದು. ನೈಟಿಯ ಮೇಲೆ ಶಾಲು ಹೊದ್ದು, ಹಿತ್ತಲಲ್ಲಿ ಕಾಯಿ ತುಂಬಿ ನಿಂತ ನಿಂಬೆಗಿಡವನ್ನು ನೋಡೋಣವೆಂದು ಹೊರಗೆ ಹೋದೆ. ಹಿಂದೆ ‘ಟಕ್’ ಎಂದಿತು. ಫೋನು ಒಳಗೆ, ಕನ್ನಡಕ ಒಳಗೆ, ಒಲೆಯ ಪಕ್ಕ ಚಹಾ ಒಳಗೆ. ನಾನೊಬ್ಬಳೇ ಹೊರಗೆ.

ಬೇಲಿಯಾಚೆಯಿಂದ ಒಂದು ತಲೆ ಇಣುಕಿತು. ಬೆಳ್ಳನೆಯ ತುರುಬು, ಪುಟ್ಟ ಮುಖ, ಕೈಯಲ್ಲಿ ಗಿಡ ಸವರುವ ಕತ್ತರಿ. ವಯಸ್ಸು ಎಂಬತ್ತರ ಆಸುಪಾಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಾಗಿಲು ಹಾಕಿಕೊಂಡಿತಾ?” ಎಂದು ಇಂಗ್ಲಿಷಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಗೇಟು ತೆರೆದರು. ಒಳಗೆ ಕೂಡಿಸಿ, ಕಾಲಿಗೆ ಉಣ್ಣೆಯ ಚಪ್ಪಲಿ ಕೊಟ್ಟು, ತಳದಲ್ಲಿ ಕೆಸರಿನಂತೆ ಪುಡಿ ಕೂತಿದ್ದ ಕರಿ ಕಾಫಿ ಕೊಟ್ಟರು. ತಾವು ಇಂಡೋನೇಷ್ಯಾದ ಸುರಬಾಯಾದವರು, ಮಗನ ಹಿಂದೆ ಇಲ್ಲಿಗೆ ಬಂದವರು, ಎಲ್ಲರೂ ತಮ್ಮನ್ನು ತಾಂತೆ ಲೂಸಿ ಎನ್ನುತ್ತಾರೆ ಎಂದರು. ತಾಂತೆ ಎಂದರೆ ಡಚ್ಚರ ಆಂಟಿ. ಇಂಗ್ಲಿಷರು ನಮ್ಮಲ್ಲಿ ಆಂಟಿ ಅಂಕಲ್ ಬಿಟ್ಟುಹೋದ ಹಾಗೆ ಡಚ್ಚರು ಅವರಲ್ಲಿ ತಾಂತೆ, ಓಮ್ ಬಿಟ್ಟುಹೋಗಿದ್ದಾರೆ. ಈ ಓಮ್ ನಮ್ಮ ಓಂಕಾರವಲ್ಲ, ಬರೀ ಮಾವ.

ಅಷ್ಟರಲ್ಲಿ ಸುರಬಾಯಾದಿಂದ ಅವರ ತಂಗಿಯ ಫೋನು ಬಂತು. ತಾಂತೆ ತಮ್ಮ ಭಾಷೆಗೆ ಹೊರಳಿದ್ದೇ ತಡ, ಸ್ವರವೇ ಬದಲಾಯಿತು. ಮೈ ನೆಟ್ಟಗಾಯಿತು, ಕೈ ಆಡತೊಡಗಿತು. ಮಾತು ಮಾತಿಗೂ ‘ಇಕೆ’, ‘ಇಕೆ’ ಎಂಬ ಪದ. ಮೊದಲು ನನಗೆ ನಮ್ಮ ‘ಈಕೆ’ ನೆನಪಾಗಿ ಯಾರೋ ಹೆಂಗಸಿನ ಚಾಡಿ ಇರಬೇಕು ಅಂದುಕೊಂಡೆ. ಅವರು ಆ ಪದ ಬಂದಾಗಲೆಲ್ಲ ತಮ್ಮ ಎದೆ ಮುಟ್ಟಿಕೊಳ್ಳುತ್ತಿದ್ದುದನ್ನು ನೋಡಿ ಆ ಊಹೆ ಬಿಟ್ಟೆ.

ಫೋನು ಇಟ್ಟ ಮೇಲೆ ಕೇಳಿದೆ. “ಇಕೆ ಅಂದರೆ ನಾನು,” ಎಂದರು. “ಡಚ್ ಪದ. ನಮ್ಮ ಮನೆಯಲ್ಲಿ ಹಾಗೇ ಮಾತಾಡುತ್ತಿದ್ದೆವು.”

“ಇಂಡೋನೇಷ್ಯಾದಲ್ಲಿ ಎಲ್ಲರೂ ಹಾಗೆ ಅಂತಾರಾ?”

ಅವರ ಮುಖ ಬಾಡಿತು. ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತ, “ಮುದುಕರ ಮಾತು, ಬಿಡಿ,” ಎಂದರು.

ಊಟದ ಮೇಜಿನ ಸುದ್ದಿ

ಸಂಜೆ ದೀಪಾ ನನ್ನ ಕಥೆ ಕೇಳಿ ಹಣೆ ಚಚ್ಚಿಕೊಂಡಳು. “ಅತ್ತಿ, ಇನ್ನ ಮ್ಯಾಲೆ ಕೀಲಿ ಕೊಳ್ಳಾಗ ಹಾಕ್ಕೊಂಡ ಅಡ್ಡಾಡ್ರಿ. ಪುಣ್ಯಾಕ್ಕ ತಾಂತೆ ಇದ್ರು. ಅವರು ಈಗೀಗ ಯಾರನ್ನೂ ಮನಿಯೊಳಗ ಕರಿಯೂದಿಲ್ಲ.”

ಯಾಕೆ ಎಂದೆ. ಅವಳ ಗಂಡ ಮಲ್ಲು ಬಾಗಲಕೋಟೆಯವನು, ಹಣ್ಣಿನ ಕಂಪನಿಯೊಂದರಲ್ಲಿ ಗುಣಮಟ್ಟ ನೋಡುವ ಅಧಿಕಾರಿ. ಅವನ ಜೊತೆ ಕೆಲಸ ಮಾಡುವ ಓಮ್ ಯಾಂತೋ ಎಂಬವರೇ ಊರಿನ ಇಂಡೋನೇಷ್ಯಾದವರ ಕೂಟವನ್ನು ನಡೆಸುವವರು. ಹಾಗಾಗಿ ಸುದ್ದಿ ಅವನಿಗೆ ಗೊತ್ತಿತ್ತು.

“ಹೋದ ವರ್ಷ ಅವರ ಇಂಡಿಪೆಂಡೆನ್ಸ್ ಡೇ ಫಂಕ್ಷನ್‌ದಾಗ ಆಗಿದ್ದ್ರಿ ಇದು,” ಎಂದ ಮಲ್ಲು. “ತಾಂತೆಗೆ ನಾಕ ಮಾತ ಆಡ್ರಿ ಅಂತ ಮೈಕ್ ಕೊಟ್ರಂತ. ಅವರು ‘ಇಕೆ’ ಅಂತ ಸುರು ಮಾಡಿದ್ರಂತ. ಹುಡುಗ್ರು ಹುಡುಗ್ಯಾರು ಘೊಳ್ಳಂತ ನಕ್ರಂತ. ಮೈಕ್ ಇಟ್ಟು, ಊಟಾನೂ ಮಾಡಲಾರದ ಮನಿಗೆ ಬಂದಬಿಟ್ರು. ಅವತ್ತಿಂದ ಅವರ ಮಂದಿ ಜೋಡಿ ಮಾತಿಲ್ಲ ಕತಿಯಿಲ್ಲ.”

“ಅಜ್ಜಿ, ಶಿ ಓನ್ಲಿ ಟಾಕ್ಸ್ ಟು ಹರ್ ಕ್ಯಾಟ್ ನೌ,” ಎಂದಳು ದೀಪಾಳ ಮಗಳು ಇಶಾ. ಕನ್ನಡ ಪೂರ್ತಿ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ತಂಗಿಯ ಜೊತೆ ಮಾತಾಡುವಾಗ ಅರಳಿದ ಆ ಮುಖ ಕಣ್ಣ ಮುಂದಿತ್ತು. ಪರದೇಶದಲ್ಲಿ ನಮ್ಮ ಮಾತು ಬಲ್ಲವರು ಬೆರಳೆಣಿಕೆಯ ಮಂದಿ. ಆ ಮಂದಿಯೇ ನಕ್ಕುಬಿಟ್ಟರೆ ಉಳಿಯುವುದು ಬೆಕ್ಕೊಂದೇ. ಈ ವರ್ಷದ ಅವರ ಕೂಟ ಬರುವ ಭಾನುವಾರವೇ ಇದೆ, ತಾಂತೆ ಬರುವುದಿಲ್ಲ ಎಂದಿದ್ದಾರೆ ಎಂದ ಮಲ್ಲು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಕಾರಣ ಉಪ್ಪಿನಕಾಯಿಗೆ ಖಾರ ಸಾಲದೆಂದು ದೀಪಾಳನ್ನು ಬೈದೆ.

“ನೀವ್ಯಾಕ ಅದರಾಗ ತಲಿ ಹಾಕ್ತೀರಿ ಅತ್ತಿ?” ಎಂದಳು ಅವಳು.

ಬಾಯಿ ಕಟ್ಟಿದವರನ್ನು ನೋಡಿದರೆ ನನ್ನ ಕೈ ಮೈಕು ಹುಡುಕುತ್ತದೆ. ಅದಕ್ಕೆ ನಾನೇನು ಮಾಡಲಿ?

ಶನಿವಾರದ ಸಂತೆ

ನೆಲ್ಸನ್ನಿನ ಸಂತೆಯಲ್ಲಿ ಯಾರೂ ಕೂಗುವುದಿಲ್ಲ. ಕಾರು ನಿಲ್ಲಿಸುವ ಬಯಲಿನಲ್ಲಿ ಡೇರೆ ಹಾಕಿಕೊಂಡು, ಗಿರಾಕಿ ಬಂದರೆ ಬರಲಿ ಬಿಟ್ಟರೆ ಬಿಡಲಿ ಎಂಬಂತೆ ಜೇಬಲ್ಲಿ ಕೈಯಿಟ್ಟು ನಿಂತಿರುತ್ತಾರೆ. ನಮ್ಮ ಹುಬ್ಬಳ್ಳಿಯ ಒಬ್ಬ ಉಳ್ಳಾಗಡ್ಡಿ ಮಾರುವವಳನ್ನು ತಂದು ಬಿಟ್ಟರೆ ಊರೇ ಎದ್ದು ಕೂತೀತು.

ಅಲ್ಲಿ ಚೀಸ್ ಮಾರುತ್ತಿದ್ದ ಹೆಂಕ್ ಎಂಬ ಮುದುಕ ಡಚ್ಚರವನು, ಹರೆಯದಲ್ಲಿ ಹಡಗು ಹತ್ತಿ ಬಂದು ಇಲ್ಲಿಯೇ ಬೇರು ಬಿಟ್ಟವನು. ‘ಇಕೆ’ ನಿಮ್ಮ ಪದವೇ ಎಂದು ಕೇಳಿದೆ.

“ನಮ್ಮದು ಇಕ್,” ಎಂದ. ‘ಕ್’ ಮುಗಿಯುತ್ತಿದ್ದಂತೆ ಬಾಗಿಲು ಹಾಕಿದ ಹಾಗೆ ಬಾಯಿ ಮುಚ್ಚಿದ. “ನಾನು ಅಂತ ಅರ್ಥ. ಹಿಂದೆ ಒಂದು ‘ಎ’ ಸೇರಿಸಿದವರು ಅವರೇ ಇರಬೇಕು.” ಆಮೇಲೆ ಚೀಸ್ ಕೊಯ್ಯುವುದನ್ನು ನಿಲ್ಲಿಸಿ, “ನನ್ನ ಮಕ್ಕಳೇ ಇಕ್ ಅನ್ನುವುದಿಲ್ಲ. ಅಲ್ಲಿ ಇನ್ನೂ ಯಾರೋ ಅನ್ನುತ್ತಾರಾ?” ಎಂದು ಕೇಳಿದ. ಹೌದು ಎಂದೆ. ಒಂದು ತುಂಡು ಚೀಸ್ ಹೆಚ್ಚಿಗೆ ಇಟ್ಟುಕೊಟ್ಟ.

ಎರಡು ಡೇರೆ ಆಚೆ ಪುತ್ರಿ ಎಂಬ ಹುಡುಗಿ ಇಂಡೋನೇಷ್ಯಾದ ಸಿಹಿ ಮಾರುತ್ತಿದ್ದಳು. ವಾರವೆಲ್ಲ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ, ಶನಿವಾರ ಸಿಹಿ. ಹಸಿರು ಅಕ್ಕಿ ಉಂಡೆ, ಮೇಲೆ ಕಾಯಿತುರಿ, ಒಳಗೆ ಬೆಲ್ಲ. ನಮ್ಮ ಕಡುಬಿನ ದಾಯಾದಿಯೇ ಇರಬೇಕೆಂದು ಹಲ್ಲಿನಿಂದ ಅರ್ಧ ಕಚ್ಚಿದೆ. ಒಳಗಿನ ಬಿಸಿ ಬೆಲ್ಲ ಚಿಮ್ಮಿ ನಾನು ತೊಟ್ಟಿದ್ದ ದೀಪಾಳ ಹೊಸ ಸ್ವೆಟರಿನ ಮೇಲೆ ಬಿತ್ತು. “ಆಂಟಿ, ಇದನ್ನ ಇಡಿಯಾಗಿ ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಬೇಕು,” ಎಂದು ಪುತ್ರಿ ಬಟ್ಟೆ ತಂದು ಒರೆಸಿದಳು. ಒರೆಸುವವಳ ಜೊತೆ ಮಾತು ಬೆಳೆಸುವುದು ಸುಲಭ. ತಾಂತೆ ಲೂಸಿಯ ಹೆಸರು ತೆಗೆದೆ.

ಅವಳ ಕೈ ನಿಂತಿತು. “ನಾನೂ ನಕ್ಕೆ ಆಂಟಿ. ಆದರೆ ನಾವು ಅವರನ್ನು ನೋಡಿ ನಗಲಿಲ್ಲ. ಈಗ ಜಕಾರ್ತಾದಲ್ಲಿ ಆ ಪದವನ್ನು ಯಾರೂ ನಿಜವಾಗಿ ಹೇಳುವುದಿಲ್ಲ. ಟಿವಿಯಲ್ಲಿ ಹೆಣ್ಣುವೇಷದ ಹಾಸ್ಯಗಾರರು ಹೇಳುತ್ತಾರೆ, ಸಲೂನುಗಳಲ್ಲಿ ತಮಾಷೆಗೆ ಹೇಳುತ್ತಾರೆ. ಎಂಬತ್ತು ವರ್ಷದ ಅಜ್ಜಿ ಮೈಕು ಹಿಡಿದು ಇಕೆ ಅಂದಾಗ, ತಾಂತೆ ನಮಗೆ ಜೋಕ್ ಮಾಡ್ತಿದ್ದಾರೆ ಅಂದುಕೊಂಡೆವು. ಚಪ್ಪಾಳೆ ಕೂಡ ಹೊಡೆದೆವು.”

“ಅದನ್ನ ಹೋಗಿ ಹೇಳಬೇಕಿತ್ತಲ್ಲ?”

“ಹಿರಿಯರ ಎದುರು ನಿಂತು ‘ನಿಮಗೆ ತಪ್ಪು ತಿಳಿಯಿತು’ ಅನ್ನೋದು ಹೇಗೆ ಆಂಟಿ?”

ನಮ್ಮ ಕಡೆಯೂ ಹಾಗೆಯೇ. ಹಿರಿಯರ ಬಳಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಮುಂದಿನ ಹಬ್ಬಕ್ಕೆ ಹೋಗಿ ಕಾಲು ಮುಟ್ಟುತ್ತೇವೆ, ಅವರು ತಲೆ ಸವರುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಕಾಲು ಮುಟ್ಟಲು ಹಬ್ಬಕ್ಕೆ ಹಿರಿಯರು ಬರಬೇಕಲ್ಲ. ಪುತ್ರಿ ನನ್ನನ್ನು ಭಾನುವಾರದ ಕೂಟಕ್ಕೆ ಕರೆದಳು. ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು.

ತಹುನಾನುಯಿ ಕಡಲತೀರ

ಅದೇ ಸಂಜೆ ದೀಪಾಳ ಕಾರಿನಲ್ಲಿ ತಾಂತೆಯನ್ನು ಕಡಲತೀರಕ್ಕೆ ಎಳೆದುಕೊಂಡು ಹೋದೆ. ನೀರು ಬಹಳ ದೂರ ಹಿಂದೆ ಸರಿದು, ಮರಳು ಗಟ್ಟಿ ಅಂಗಳದ ಹಾಗೆ ಬಿದ್ದಿತ್ತು. ಅಲ್ಲಿನ ಮಂದಿ ಅಂಥ ಚಳಿಯಲ್ಲೂ ಬರಿಗಾಲಲ್ಲಿ ನಾಯಿಯ ಹಿಂದೆ ಓಡುತ್ತಾರೆ. ದೀಪಾಳನ್ನು ಕಾರಿನಲ್ಲೇ ಬಿಟ್ಟು ನಾವಿಬ್ಬರೂ ಎರಡೆರಡು ಕಾಲುಚೀಲ ಹಾಕಿಕೊಂಡು ನಡೆದೆವು.

ತಾಂತೆ ತಾವಾಗಿಯೇ ಮಾತು ತೆಗೆದರು. ಅವರ ತಂದೆ ಡಚ್ಚರ ಕಾಲದ ಶಾಲೆಯಲ್ಲಿ ಓದಿ ಡಚ್ಚರ ಕಚೇರಿಯಲ್ಲಿ ಗುಮಾಸ್ತರಾದವರು. ಕಚೇರಿಯಲ್ಲಿ ಡಚ್, ಬೀದಿಯಲ್ಲಿ ಮಲಯ, ತಾಯಿತಂದೆಯ ಎದುರು ಜಾವಾದ ಮಾತು. ಜಾವಾದ ಮಾತಿನಲ್ಲಿ ‘ನಾನು’ ಅನ್ನುವ ಮೊದಲು ಎದುರಿನವರು ದೊಡ್ಡವರೋ ಚಿಕ್ಕವರೋ ಎಂದು ಅಳೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ‘ನಾನು’. ಡಚ್ಚರ ಇಕ್ ಅದನ್ನೆಲ್ಲ ಕೇಳುವುದಿಲ್ಲ. ಓದಿದ ಮನೆಗಳಲ್ಲಿ ಅದು ಹೊಕ್ಕು, ಮೂರೂ ಭಾಷೆ ಕಲಸಿದ ಮನೆಮಾತಿನಲ್ಲಿ ಬಾಲ ಬೆಳೆಸಿಕೊಂಡು ಇಕೆ ಆಯಿತು ಎಂದು ಅವರ ನಂಬಿಕೆ. “ಪುಸ್ತಕದವರು ಏನು ಹೇಳುತ್ತಾರೋ ಗೊತ್ತಿಲ್ಲ. ನಮ್ಮ ಅಡುಗೆಮನೆಯಲ್ಲಿ ಹೀಗೆ,” ಎಂದರು.

ನಾನು ನನ್ನ ಅವ್ವನ ಕಥೆ ಹೇಳಿದೆ. ಅವಳು ಮಾವನ ಎದುರು ಎಂದೂ ‘ನಾನು’ ಎಂದವಳಲ್ಲ. ತನಗೆ ಹಸಿವಾದರೆ “ಒಳಗಿನ ಮಂದಿದು ಇನ್ನೂ ಊಟ ಆಗಿಲ್ಲ” ಎನ್ನುತ್ತಿದ್ದಳು. ಒಳಗೆ ಇದ್ದವಳು ಅವಳೊಬ್ಬಳೇ. ತಾಂತೆ ನಿಂತು ನನ್ನ ತೋಳು ಹಿಡಿದುಕೊಂಡರು. ಆ ಹಿಡಿತ ಬಹಳ ಹೊತ್ತು ಸಡಿಲಾಗಲಿಲ್ಲ.

ಇದೇ ಸಮಯವೆಂದು ಪುತ್ರಿಯ ಮಾತು ತಲುಪಿಸಿದೆ. ಹುಡುಗರು ಜೋಕೆಂದು ತಿಳಿದು ನಕ್ಕರು, ಅವಮಾನಕ್ಕಲ್ಲ ಎಂದೆ. ಕೆಲಸ ಕೆಟ್ಟಿತು.

“ಜೋಕಾ?” ಎಂದರು ತಾಂತೆ. ತೋಳು ಬಿಟ್ಟರು. “ನನ್ನ ತಾಯಿಯ ಬಾಯಿಯ ಮಾತು ಜೋಕಾ? ಅವಮಾನ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.” ಸರಸರ ಕಾರಿನ ಕಡೆ ನಡೆದರು. ಅವರ ವಯಸ್ಸಿಗೆ ಆ ವೇಗ ನೋಡಿ ನನಗೆ ಏದುಸಿರು ಬಂತು.

ಕಾರಿನ ಬಳಿ ನನಗೂ ಸಿಟ್ಟು ನೆತ್ತಿಗೇರಿತು. “ನೀವು ಬರದಿದ್ದರೆ ಬಿಡಿ. ನಾನಂತೂ ಹೋಗುತ್ತೇನೆ. ಅಲ್ಲಿ ಏನು ತಿನ್ನಬೇಕು, ಹೇಗೆ ತಿನ್ನಬೇಕು ನನಗೆ ಗೊತ್ತಿಲ್ಲ. ನಾನು ಮಾಂಸ ಮುಟ್ಟುವವಳಲ್ಲ. ಏನಾದರೂ ಎಡವಟ್ಟಾದರೆ ನಿಮ್ಮ ನೆರೆಮನೆಯವಳದೇ ಮರ್ಯಾದೆ ಹೋಗುತ್ತದೆ,” ಎಂದೆ.

ತಾಂತೆ ಸೀಟ್‌ಬೆಲ್ಟು ಹಾಕಿಕೊಂಡು ಮುಂದೆ ನೋಡುತ್ತ ಕೂತರು. ಮನೆ ಬಂದಾಗ, “ನಿಮಗೆ ತಿನ್ನುವುದು ತೋರಿಸಲು ಬರುತ್ತೇನೆ. ಬಾಯಿ ಬಿಡುವುದಿಲ್ಲ,” ಎಂದರು.

ಸ್ಟೋಕ್: ಹಳದಿ ಅನ್ನದ ಗೋಪುರ

ನಮ್ಮ ಸ್ವಾತಂತ್ರ್ಯ ದಿನ ಮುಗಿದು ಒಂದು ದಿನ ಬಿಟ್ಟರೆ ಅವರದು. ನಮ್ಮವರು ಝಂಡಾ ಹಾರಿಸಿ ಲಾಡು ತಿಂದು ಮನೆಗೆ ಹೋಗುತ್ತಾರೆ. ಅವರು ಹಗ್ಗಕ್ಕೆ ಹಪ್ಪಳ ಕಟ್ಟಿ, ಕೈ ಹಿಂದೆ ಇಟ್ಟುಕೊಂಡು ಬಾಯಿಂದಲೇ ಯಾರು ಮೊದಲು ತಿಂದು ಮುಗಿಸುತ್ತಾರೆ ನೋಡೋಣ ಎಂದು ಪಂದ್ಯ ಹೂಡುತ್ತಾರೆ. ಸ್ಟೋಕ್ ಎಂಬ ಬಡಾವಣೆಯ ಸಭಾಂಗಣದಲ್ಲಿ ಕೆಂಪು ಬಿಳಿ ಬಟ್ಟೆ ಕಟ್ಟಿದ್ದರು. ಮಧ್ಯದ ಮೇಜಿನ ಮೇಲೆ ಅರಿಶಿನದ ಅನ್ನದ ದೊಡ್ಡ ಗೋಪುರ, ಸುತ್ತ ಕೋಳಿ, ಮೀನು, ಮೊಟ್ಟೆ, ಕಾಳು, ಸೊಪ್ಪು. ಅದಕ್ಕೆ ತುಂಪೆಂಗ್ ಎನ್ನುತ್ತಾರೆ.

ನಾವು ಒಳಗೆ ಹೋದಾಗ ಗದ್ದಲ ಒಮ್ಮೆಲೇ ಇಳಿಯಿತು. ಹುಡುಗರು ತಾಂತೆಯನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ಪುತ್ರಿ ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಳು. ತಾಂತೆ ಯಾರನ್ನೂ ನೋಡದೆ ಮೂಲೆಯ ಕುರ್ಚಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಇವರನ್ನು ಯಾಕಾದರೂ ಕರೆತಂದೆನೋ ಅನ್ನಿಸಿತು.

ಓಮ್ ಯಾಂತೋ ಗೋಪುರದ ತುದಿಯನ್ನು ಕತ್ತರಿಸಿ ತಟ್ಟೆಗೆ ಹಾಕಿದರು. ಪುತ್ರಿ ನನಗೆ ಪಿಸುಗುಟ್ಟಿ ವಿವರಿಸಿದಳು: ಆ ತುದಿ ಸಭೆಯಲ್ಲಿ ಎಲ್ಲರಿಗಿಂತ ಗೌರವಕ್ಕೆ ಪಾತ್ರರಾದ ಒಬ್ಬರಿಗೆ. ಈ ಊರಿನ ಕೂಟದಲ್ಲಿ ತುದಿ ಪಡೆದವರು ಎದ್ದು ನಾಲ್ಕು ಮಾತಾಡಬೇಕು. ಯಾಂತೋ ತಟ್ಟೆ ಹಿಡಿದು ಒಂದು ಗಳಿಗೆ ಮೂಲೆಯ ಕುರ್ಚಿಯತ್ತ ನೋಡಿದರು, ಧೈರ್ಯ ಸಾಲಲಿಲ್ಲ. ನೇರವಾಗಿ ನನ್ನ ಬಳಿ ಬಂದು, “ದೂರದಿಂದ ಬಂದ ಅತಿಥಿ. ಇದರಲ್ಲಿ ಮಾಂಸವೂ ಇಲ್ಲ,” ಎಂದು ಕೊಟ್ಟುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಇನ್ನು ಮುಂದಿನದು ನನ್ನ ಕೈ ಮಾಡಿದ ಕೆಲಸ, ತಲೆಯದಲ್ಲ. ಎತ್ತರದ ಹಳದಿ ಅನ್ನ, ಎರಡೂ ಕೈಯಿಂದ ಕೊಡುವ ಹಿರಿಯ, ಸುತ್ತ ನಿಂತ ಜನ. ಇಷ್ಟು ಸಾಕು ನಮ್ಮವರಿಗೆ. ನಾನು ತಟ್ಟೆಯನ್ನು ಕಣ್ಣಿಗೊತ್ತಿಕೊಂಡೆ. ಪ್ರಸಾದವನ್ನು ಒಬ್ಬರೇ ತಿನ್ನುವುದುಂಟೆ? ಬೆರಳಿನಿಂದ ಮುರಿದು ಒಂದು ತುತ್ತು ಮಾಡಿ, ಮನೆಯಲ್ಲಿ ಮಾಡುವ ಹಾಗೆ, ಎಲ್ಲರಿಗಿಂತ ಹಿರಿಯರ ಕಡೆ ಮೊದಲು ನಡೆದೆ. ತಾಂತೆ ಲೂಸಿಯ ಅಂಗೈ ಹಿಡಿದು ಅದರಲ್ಲಿ ತುತ್ತು ಇಟ್ಟೆ.

ಓಮ್ ಯಾಂತೋ ಬಾಯಿ ತೆರೆದು ಹಾಗೇ ನಿಂತರು. ಪುತ್ರಿ ನನ್ನ ಕಿವಿಯಲ್ಲಿ, “ಆಂಟಿ, ಅದನ್ನ ಯಾರೂ ಬೇರೆಯವರಿಗೆ ಕೊಡುವುದಿಲ್ಲ,” ಎಂದಳು. ನನ್ನ ಕಿವಿ ಬಿಸಿಯಾಯಿತು. ತಾಂತೆ ಅಂಗೈಯ ಅನ್ನವನ್ನೇ ನೋಡುತ್ತಿದ್ದರು. ಎಲ್ಲರ ಕಣ್ಣೂ ಈಗ ಅವರ ಮೇಲೆ. ತುದಿ ಅವರ ಕೈಯಲ್ಲಿತ್ತು, ಮಾತಾಡುವ ಸರದಿಯೂ ಅವರದೇ ಆಗಿತ್ತು.

ಅವರು ಕೈಚೀಲ ಕೆಳಗಿಟ್ಟು ಎದ್ದರು. ಮೈಕಿಗೆ ಕೈಯನ್ನೂ ಚಾಚಲಿಲ್ಲ.

“ಇಕೆ,” ಎಂದರು. ಅಲ್ಲಿಗೇ ನಿಲ್ಲಿಸಿ ಹುಡುಗರ ಸಾಲನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಯಾರೂ ನಗಲಿಲ್ಲ. ಒಬ್ಬ ತುಟಿ ಕಚ್ಚಿಕೊಂಡ, ಪುತ್ರಿ ಅವನನ್ನು ಕಣ್ಣಲ್ಲೇ ಸುಟ್ಟಳು. ಆಮೇಲೆ ತಾಂತೆ ಹೇಳಿದ್ದನ್ನು ಅವಳು ನನಗೆ ಸಾಲು ಸಾಲಾಗಿ ಪಿಸುಗುಟ್ಟಿದಳು.

“ನನ್ನ ತಾಯಿ ಮದುವೆಯಾಗಿ ಬಂದ ಮನೆಯಲ್ಲಿ ಅವಳು ತನ್ನನ್ನು ಕರೆದುಕೊಳ್ಳಲು ಮಾತೇ ಇರಲಿಲ್ಲ. ಅತ್ತೆಯ ಮುಂದಿನ ಮಾತು ಅವಳನ್ನು ಆಳು ಮಾಡುತ್ತಿತ್ತು. ಗಂಡನ ಮುಂದೆ ಬೀದಿಮಾತಿನ ‘ನಾನು’, ಅಕು, ಅಂದರೆ ಸಲಿಗೆ ಹೆಚ್ಚಾಯಿತು ಅನ್ನುತ್ತಿದ್ದರು. ಅಪ್ಪ ಕಚೇರಿಯಿಂದ ಬಾಯಲ್ಲಿ ತಂದ ಆ ಸಣ್ಣ ಪದವನ್ನು ಅವಳು ಎತ್ತಿಕೊಂಡಳು. ಇಕೆ ಬರುತ್ತೇನೆ, ಇಕೆ ಒಲ್ಲೆ. ಅವಳು ‘ಒಲ್ಲೆ’ ಅಂದದ್ದನ್ನು ಆ ಮನೆ ಮೊದಲ ಸಲ ಕೇಳಿತು. ಡಚ್ಚರು ನಮ್ಮಿಂದ ಬಹಳ ತೆಗೆದುಕೊಂಡು ಹೋದರು. ಅವರದು ಇದೊಂದನ್ನು ನನ್ನ ತಾಯಿ ಹಿಂದಕ್ಕೆ ಕೊಡಲಿಲ್ಲ.”

ಸ್ವಲ್ಪ ತಡೆದು ಮತ್ತೆ ಹೇಳಿದರು. “ಟಿವಿಯಲ್ಲಿ, ಸಲೂನಿನಲ್ಲಿ ಇದನ್ನು ಹೇಳುತ್ತಾರಂತೆ. ಹೇಳಲಿ. ಬೇರೆ ಯಾವ ‘ನಾನು’ವಿನಲ್ಲೂ ಜಾಗ ಸಿಗದವರೇ ಅವರೂ ಇರಬೇಕು. ನಗಬೇಕಿದ್ದರೆ ಈಗ ನಗಿ. ಇಕೆ ಇಲ್ಲೇ ನಿಂತಿರುತ್ತೇನೆ.”

ಧಾರವಾಡದ ಸ್ಟುಡಿಯೋದಲ್ಲಿ ಎಂತೆಂಥವರ ಮಾತು ಕೇಳಿದ್ದೇನೆ. ಅಂಥ ದನಿಯನ್ನು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಪುತ್ರಿ ನನ್ನನ್ನು ಬಿಟ್ಟು ಮುಂದೆ ಹೋದಳು. ತಾಂತೆಯ ಮುಂದೆ ಬಾಗಿ, ಅವರ ಖಾಲಿಯಿದ್ದ ಇನ್ನೊಂದು ಕೈಯನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಅವರಲ್ಲಿ ಹಿರಿಯರಿಗೆ ನಮಸ್ಕಾರ ಮಾಡುವುದು ಹಾಗೆ. ತಲೆ ಎತ್ತದೆಯೇ, “ಇಕೆ ಲಾಪಾರ್, ತಾಂತೆ,” ಎಂದಳು. ನನಗೆ ಹಸಿವಾಗಿದೆ ತಾಂತೆ. ತಮಾಷೆಯ ಸೋಂಕೂ ಇರಲಿಲ್ಲ ಆ ದನಿಯಲ್ಲಿ.

ಮೊದಲು ನಕ್ಕದ್ದು ತಾಂತೆಯೇ. ತಲೆ ಹಿಂದಕ್ಕೆ ಒಗೆದು ನಕ್ಕರು. ಆಮೇಲೆ ಅಂಗೈಯ ತುತ್ತನ್ನು ಮುರಿದು ಅವಳ ಬಾಯಿಗೆ ಹಾಕಿದರು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ತುಟಿ ಕಚ್ಚಿಕೊಂಡಿದ್ದ ಹುಡುಗ, ಹಣೆ ಒತ್ತಲು ಸಾಲೇ ನಿಂತುಬಿಟ್ಟಿತು. ನನ್ನ ತಟ್ಟೆಯಲ್ಲಿ ಉಳಿದ ತುದಿಯನ್ನೂ ತಾಂತೆ ಕಸಿದುಕೊಂಡು ಒಂದೊಂದು ಚಿಟಿಕೆ ಹಂಚಿದರು. ಓಮ್ ಯಾಂತೋ ಕೊನೆಯಲ್ಲಿ ನಿಂತು, ತಮಗೂ ಎಂದು ಕೈ ಚಾಚಿದರು.

ಕೊನೆಯ ಅಗುಳನ್ನು ತಾಂತೆ ತಾವು ಬಾಯಿಗೆ ಹಾಕಿಕೊಂಡರು. ಅಗಿದರು. ಮುಖ ಹಿಂಡಿದರು. ನಂತರ ತಾವಾಗಿಯೇ ಹೋಗಿ ಮೈಕು ತೆಗೆದುಕೊಂಡು, ಈ ಅನ್ನಕ್ಕೆ ತೆಂಗಿನಹಾಲು ಹಾಕಿದವರು ಯಾರು, ಹಾಕಿದ್ದಾರಾ ಅಥವಾ ತೋರಿಸಿ ಹಾಗೇ ತೆಗೆದಿಟ್ಟಿದ್ದಾರಾ ಎಂದು ಶುರುಮಾಡಿದರು. ಅಡುಗೆ ಮಾಡಿದ ಹುಡುಗರು ತಲೆ ತಗ್ಗಿಸಿದರು, ಆದರೆ ಒಬ್ಬರ ಮುಖದಲ್ಲೂ ಬೇಸರವಿರಲಿಲ್ಲ. ನಿಂಬೆಹುಲ್ಲು ಎಲ್ಲಿ, ಬಿರಿಯಾನಿ ಎಲೆ ಎಲ್ಲಿ, ಬರುವ ವರ್ಷ ಯಾರೂ ಒಲೆ ಮುಟ್ಟಕೂಡದು, ಇಕೆಯೇ ಮಾಡುತ್ತೇನೆ. ಪುತ್ರಿಗೆ ನಗು ತಡೆಯಲಾಗದೆ ನನಗೆ ಅನುವಾದ ಮಾಡುವುದನ್ನೇ ಬಿಟ್ಟಳು.

ಕತ್ತಲಾಗುವ ಹೊತ್ತಿಗೆ ನಮ್ಮನ್ನು ಕರೆದೊಯ್ಯಲು ಮಲ್ಲು ಬಂದ. ಬಾಗಿಲಲ್ಲಿ ನಿಂತು ಆ ದೃಶ್ಯ ನೋಡಿ, “ಏನ್ ನಡದೈತ್ರಿ ಅತ್ತಿ ಇಲ್ಲಿ?” ಎಂದ. ಮೈಕಿನ ಸುತ್ತ ಮಕ್ಕಳು, ಹುಡುಗರು, ಓಮ್ ಯಾಂತೋ, ಎಲ್ಲರೂ ನೆಲದ ಮೇಲೆ ಕೂತು ಸುರಬಾಯಾದ ಯಾವುದೋ ಹಳೆಯ ಮದುವೆಯ ಕಥೆ ಕೇಳುತ್ತಿದ್ದರು. ಮಲ್ಲು ಹತ್ತಿರ ಹೋಗಿ ಮೆಲ್ಲಗೆ, ಹೊರಡೋಣವೇ ತಾಂತೆ, ತಡವಾಯಿತು ಎಂದ.

ತಾಂತೆ ಅವನತ್ತ ತಿರುಗಿಯೂ ನೋಡದೆ, ಮೈಕು ಬಾಯಿಂದ ಸರಿಸದೆ, ಇಡೀ ಸಭಾಂಗಣ ಕೇಳುವಂತೆ ಉತ್ತರ ಕೊಟ್ಟರು.

“ಕೂತುಕೋ. ಇಕೆ ನಾಟ್ ಫಿನಿಶ್.”